ಏದುಸಿರೋ, ಉಬ್ಬಸವೋ: ಶಾಲೆಯಲ್ಲಿ ಗುರುತಿಸುವ ಬಗೆ

ಓಟ ಮುಗಿಸಿ ಬಂದ ಮಕ್ಕಳೆಲ್ಲರೂ ಏದುಸಿರು ಬಿಡುತ್ತಾರೆ. ಹೆಚ್ಚಿನವರ ಉಸಿರು ಕೆಲವೇ ನಿಮಿಷಗಳಲ್ಲಿ ತಾನಾಗಿ ಹದಕ್ಕೆ ಬರುತ್ತದೆ. ಒಂದು ಮಗುವಿನ ಉಸಿರು ಮಾತ್ರ ಕುಳಿತ ಮೇಲೂ ಇಳಿಯದೆ, ಮತ್ತಷ್ಟು ಬಿಗಿಯುತ್ತ ಹೋಗಬಹುದು. ಆ ಒಂದು ಮಗುವನ್ನು ಗುಂಪಿನೊಳಗಿಂದ ಗುರುತಿಸುವ ಹೊಣೆ ವೈದ್ಯರಿಗಿಂತ ಮೊದಲು ಶಿಕ್ಷಕರ ಮೇಲೆ ಬೀಳುತ್ತದೆ. ಶಾಲೆಯಲ್ಲಿ ಆರಂಭವಾದ ಉಬ್ಬಸದ ಮೊದಲ ನಿಮಿಷಗಳು ಕಳೆಯುವುದು ದವಾಖಾನೆಯಲ್ಲಲ್ಲ, ಮೈದಾನದಲ್ಲೋ ತರಗತಿಯಲ್ಲೋ.

ಇಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಉಬ್ಬಸವನ್ನು ಬರಿಯ ದಣಿವೆಂದೋ ಮೈಗಳ್ಳತನವೆಂದೋ ತಿಳಿದು ಮಗುವನ್ನು ಇನ್ನೊಂದು ಸುತ್ತು ಓಡಿಸುವುದು ಮೊದಲನೆಯದು. ಬರಿಯ ದಣಿವನ್ನು ರೋಗವೆಂದು ಬಗೆದು ಆರೋಗ್ಯವಂತ ಮಗುವನ್ನು ವರ್ಷವಿಡೀ ಆಟದಿಂದ ಹೊರಗೆ ಕೂರಿಸುವುದು ಎರಡನೆಯದು. ಮೊದಲ ತಪ್ಪು ಪ್ರಾಣಕ್ಕೆ ಎರವಾಗಬಹುದು. ಎರಡನೆಯದು ಬಾಲ್ಯಕ್ಕೆ ಎರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 26 ಕೋಟಿ ಜನರಿಗೆ ಅಸ್ತಮಾ ಇದ್ದಿತು; ಆ ವರ್ಷ ಅದರಿಂದ ಸತ್ತವರು ಸುಮಾರು 4 ಲಕ್ಷ 55 ಸಾವಿರ. ಈ ಸಾವುಗಳಲ್ಲಿ ಬಹುಪಾಲು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆ. ರೋಗವನ್ನು ಸಕಾಲಕ್ಕೆ ಗುರುತಿಸದಿರುವುದೂ ಔಷಧ ದೊರೆಯದಿರುವುದೂ ಅದಕ್ಕೆ ಮುಖ್ಯ ಕಾರಣಗಳು.

ಒಂದು ಶಬ್ದ, ಮೂರು ಅರ್ಥ

ಕೊಲ್ಹಾಪುರ ಜಿಲ್ಲೆಯ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಈ ಕೆಲಸದಲ್ಲಿ ಭಾಷೆಯದೇ ಒಂದು ತೊಡಕು ಎದುರಾಗುತ್ತದೆ. ಮರಾಠಿಯಲ್ಲಿ ‘ದಮ ಲಾಗಣೆ’ ಅಥವಾ ‘ಧಾಪ ಲಾಗಣೆ’ ಎಂದರೆ ಶ್ರಮದಿಂದ ಏದುಸಿರು ಬರುವುದು. ‘ದಮಾ’ ಎಂದರೆ ಅಸ್ತಮಾ. ಗಡಿನಾಡಿನ ಕನ್ನಡದಲ್ಲಿ ಇವೆರಡೂ ‘ದಮ್ಮು’ ಎಂಬ ಒಂದೇ ಶಬ್ದದಲ್ಲಿ ಕೂಡಿಕೊಂಡಿವೆ. ‘ದಮ್ಮು ಹತ್ತೈತ್ರಿ’ ಎಂದು ಹೇಳುವ ಮಗು ಓಡಿ ದಣಿದಿರಬಹುದು, ಅದಕ್ಕೆ ಉಬ್ಬಸವೂ ಬಂದಿರಬಹುದು. ಕುಸ್ತಿಯ ತಾಲೀಮುಗಳಿಗೂ ಫುಟ್‌ಬಾಲಿಗೂ ಹೆಸರಾದ ಈ ಸೀಮೆಯಲ್ಲಿ ‘ದಮ್ಮು’ ಎಂದರೆ ತ್ರಾಣವೆಂಬ ಮೂರನೆಯ ಅರ್ಥವೂ ಬಳಕೆಯಲ್ಲಿದೆ. ‘ದಮ್ಮಿಲ್ಲದಾಂವ’ ಎಂಬ ಗೇಲಿಗೆ ಅಂಜಿ ಎದೆಯ ಬಿಗಿತವನ್ನು ಬಚ್ಚಿಡುವ ಮಕ್ಕಳು ಇಲ್ಲದಿಲ್ಲ.

ಈ ಗೊಂದಲ ಗಡಿನಾಡಿಗೆ ಮಾತ್ರ ಸೀಮಿತವಲ್ಲ. ‘ಅಸ್ತಮಾ’ ಎಂಬ ಗ್ರೀಕ್ ಮೂಲದ ಶಬ್ದಕ್ಕೂ ಮೊದಲಿದ್ದ ಅರ್ಥ ಏದುಸಿರು ಎಂದೇ. ಭಾರತೀಯ ವೈದ್ಯಪರಂಪರೆ ಮಾತ್ರ ಇವೆರಡನ್ನು ಬಹು ಹಿಂದೆಯೇ ಬೇರ್ಪಡಿಸಿತ್ತು. ಚರಕಸಂಹಿತೆಯಲ್ಲಿ ಹೇಳಿದ ಐದು ಬಗೆಯ ಶ್ವಾಸಗಳಲ್ಲಿ ‘ಕ್ಷುದ್ರಶ್ವಾಸ’ವು ಶ್ರಮದಿಂದ ಹುಟ್ಟಿ, ದೇಹಕ್ಕೆ ಹೆಚ್ಚಿನ ಬಾಧೆ ಕೊಡದೆ ಅಡಗುವಂಥದು. ‘ತಮಕಶ್ವಾಸ’ವಾದರೋ ಮೋಡ, ಮಳೆ, ಚಳಿಗಳಿಂದ ಉಲ್ಬಣಿಸುವಂಥದು; ಅದರಲ್ಲಿ ರೋಗಿಗೆ ಮಲಗಿದರೆ ಸಂಕಟ ಹೆಚ್ಚಿ, ಎದ್ದು ಕುಳಿತರೆ ನೆಮ್ಮದಿ ದೊರೆಯುತ್ತದೆ. ಇಂದಿನ ವೈದ್ಯರು ಕಾಣುವ ಭೇದವೂ ಬಹುಮಟ್ಟಿಗೆ ಇದೇ.

ಆದುದರಿಂದ ಶಿಕ್ಷಕರು ಮಗು ಬಳಸಿದ ಶಬ್ದವನ್ನು ನೆಚ್ಚಿ ತೀರ್ಮಾನಕ್ಕೆ ಬರಬಾರದು. ಉಸಿರು ಯಾವಾಗ ಹೆಚ್ಚಿತು, ಯಾವಾಗ ಇಳಿಯಿತು, ಹೇಗೆ ಕೇಳಿಸುತ್ತದೆ ಎಂಬುದನ್ನು ನೆಚ್ಚಬೇಕು.

ಎದೆಯೊಳಗೆ ನಡೆಯುವುದೇನು

ಓಡುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಹೆಚ್ಚು ಇಂಗಾಲದ ಡೈ ಆಕ್ಸೈಡ್ ಉತ್ಪತ್ತಿಯಾಗುತ್ತದೆ. ಅದನ್ನು ಹೊರಹಾಕಲು ಮೆದುಳು ಉಸಿರಾಟದ ವೇಗವನ್ನೂ ಆಳವನ್ನೂ ಹೆಚ್ಚಿಸುತ್ತದೆ. ಇಲ್ಲಿ ಶ್ವಾಸನಾಳಗಳು ಪೂರ್ತಿ ತೆರೆದಿರುತ್ತವೆ. ಗಾಳಿ ಸಲೀಸಾಗಿ ಒಳಗೆ ಹೋಗಿ ಸಲೀಸಾಗಿ ಹೊರಬರುತ್ತದೆ. ಏದುಸಿರು ದೇಹದ ಸಹಜ ವ್ಯವಹಾರ. ಅದು ಸೋಲಿನ ಗುರುತಲ್ಲ, ರೋಗದ ಗುರುತೂ ಅಲ್ಲ.

ಅಸ್ತಮಾದಲ್ಲಿ ತೊಂದರೆ ಇರುವುದು ದಾರಿಯಲ್ಲೇ. ಶ್ವಾಸನಾಳಗಳ ಒಳಪದರ ಮೊದಲೇ ಕೆರಳಿ ಬಾತಿರುತ್ತದೆ. ಧೂಳು, ಹೊಗೆ, ನೆಗಡಿ, ತಣ್ಣನೆಯ ಗಾಳಿ ಮೊದಲಾದವು ತಾಗಿದೊಡನೆ ನಾಳಗಳ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಗೆ ಅಂಟಾದ ಕಫ ತುಂಬಿಕೊಳ್ಳುತ್ತದೆ. ಉಸಿರನ್ನು ಒಳಗೆಳೆದಾಗ ನಾಳಗಳು ತುಸು ಹಿಗ್ಗುತ್ತವೆ, ಹೊರಬಿಡುವಾಗ ಕುಗ್ಗುತ್ತವೆ. ಹೀಗಾಗಿ ಒಳಹೋದ ಗಾಳಿ ಹೊರಬರಲು ಹೆಣಗುತ್ತದೆ. ಹೊರಬಿಡುವ ಉಸಿರು ದೀರ್ಘವಾಗುತ್ತದೆ, ಅದರೊಡನೆ ಕೊಳಲಿನ ಅಥವಾ ಸಿಳ್ಳಿನಂಥ ‘ಸುಂಯ್’ ಎಂಬ ಸದ್ದು ಬರುತ್ತದೆ. ಉಬ್ಬಸ ಬಂದ ಮಗು ‘ಉಸರು ಸಿಗವಲ್ಲದು’ ಎನ್ನುತ್ತದೆ. ಆದರೆ ಅದರ ಎದೆ ಹೊರಹೋಗದ ಗಾಳಿಯಿಂದ ತುಂಬಿರುತ್ತದೆ.

ಗಡಿಯಾರ ಹೇಳುವ ಸಾಕ್ಷ್ಯ

ಶಾಲೆಯಲ್ಲಿ ಎರಡನ್ನೂ ಬೇರ್ಪಡಿಸಲು ಅತ್ಯಂತ ಉಪಯುಕ್ತವಾದ ಸಾಧನ ಗೋಡೆಯ ಗಡಿಯಾರ. ಸಹಜವಾದ ಏದುಸಿರು ಓಡುತ್ತಿರುವಾಗ ಅತಿ ಹೆಚ್ಚಾಗಿರುತ್ತದೆ. ನಿಂತ ಕ್ಷಣದಿಂದ ಇಳಿಯತೊಡಗುತ್ತದೆ. ಎರಡು-ಮೂರು ನಿಮಿಷಗಳಲ್ಲಿ ಮಗು ಮಾತನಾಡುತ್ತದೆ, ಐದು ನಿಮಿಷಗಳಲ್ಲಿ ಮತ್ತೆ ಆಟಕ್ಕೆ ಓಡುತ್ತದೆ.

ವ್ಯಾಯಾಮದಿಂದ ಕೆರಳುವ ಉಬ್ಬಸದ ಗತಿ ಇದಕ್ಕೆ ವಿರುದ್ಧವಾದುದು. ವೇಗವಾಗಿ ಉಸಿರಾಡುವಾಗ ಶ್ವಾಸನಾಳಗಳು ತಣ್ಣಗಾಗಿ ಒಣಗುತ್ತವೆ. ಅದರ ಪರಿಣಾಮವಾಗಿ ಅವು ಬಿಗಿಯತೊಡಗುವುದು ಹೆಚ್ಚಾಗಿ ಓಟ ನಿಂತ ಮೇಲೆ. ನಿಂತ ಐದು-ಹತ್ತು ನಿಮಿಷಗಳ ಬಳಿಕ ಬಿಗಿತ ಶಿಖರಕ್ಕೇರುತ್ತದೆ. ಔಷಧವಿಲ್ಲದೆ ಅದು ಸಡಿಲವಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಮೈದಾನದಲ್ಲಿ ಎಲ್ಲರೊಡನೆ ಚೆನ್ನಾಗಿಯೇ ಓಡಿದ ಮಗು ಮುಂದಿನ ಗಣಿತದ ತಾಸಿನಲ್ಲಿ ಬೆಂಚಿನ ಮೇಲೆ ಬಾಗಿ ಕೆಮ್ಮುತ್ತಿದ್ದರೆ ಆ ಕೆಮ್ಮನ್ನು ಆಟಕ್ಕೆ ಸಂಬಂಧವಿಲ್ಲದ್ದೆಂದು ಬಿಡಬಾರದು. ಕೆಲವು ಮಕ್ಕಳಲ್ಲಿ ಸಿಳ್ಳಿನ ಸದ್ದು ಕೇಳಿಸುವುದೇ ಇಲ್ಲ. ಒಣ ಕೆಮ್ಮೊಂದೇ ಅಸ್ತಮಾದ ಗುರುತಾಗಿರುತ್ತದೆ.

ಎಣಿಕೆಯೂ ನೆರವಾಗುತ್ತದೆ. ಪ್ರಾಥಮಿಕ ಶಾಲೆಯ ವಯಸ್ಸಿನ ಮಗು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 18ರಿಂದ 25 ಸಲ ಉಸಿರಾಡುತ್ತದೆ. ವಿಶ್ರಾಂತಿಯ ಬಳಿಕವೂ ಎಣಿಕೆ 30ನ್ನು ದಾಟಿಯೇ ಇದ್ದರೆ ಅದು ಬರಿಯ ದಣಿವಲ್ಲ. ಎದೆಯ ಏರಿಳಿತವನ್ನು ನೋಡುತ್ತ ಪೂರ್ಣ ಒಂದು ನಿಮಿಷ ಎಣಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ಪ್ರಶ್ನೆಗಳು ಮಗುವಿನ ಮನೆಮಾತಿನಲ್ಲಿ, ಚಿಕ್ಕವಾಗಿ ಇರಬೇಕು. ತಲೆಯಾಡಿಸಿ ಉತ್ತರಿಸಲು ಬರುವಂತಿದ್ದರೆ ಇನ್ನೂ ಒಳ್ಳೆಯದು.

1. ‘ಕುಂತ ಮ್ಯಾಲ ಕಡಿಮಿ ಆತೋ, ಹೆಚ್ಚಾತೋ?’ ಹೆಚ್ಚಾಗಿದ್ದರೆ ಉಬ್ಬಸದ ಶಂಕೆ.
2. ‘ಉಸರು ಒಳಗ ತಗೊಳ್ಳಾಕ ತ್ರಾಸೋ, ಹೊರಗ ಬಿಡಾಕ ತ್ರಾಸೋ?’ ಹೊರಬಿಡುವ ತೊಂದರೆ ಉಬ್ಬಸದತ್ತ ಬೊಟ್ಟು ಮಾಡುತ್ತದೆ.
3. ‘ಎದಿ ಹಗ್ಗದಿಂದ ಬಿಗದಂಗ ಆಗೈತೇನು?’
4. ‘ರಾತ್ರಿ ಇಲ್ಲಾ ನಸುಕಿನ್ಯಾಗ ಕೆಮ್ಮಿಗೆ ಎಚ್ಚರ ಆಗತೈತೇನು?’ ಅಸ್ತಮಾ ಸಾಮಾನ್ಯವಾಗಿ ರಾತ್ರಿಯ ಕೊನೆಯ ಜಾವದಲ್ಲಿ ಹೆಚ್ಚುತ್ತದೆ. ದಣಿವಿನ ಏದುಸಿರು ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದಿಲ್ಲ.
5. ‘ಇದಕ್ಕಿಂತ ಮೊದಲ ಹಿಂಗ ಆಗಿತ್ತೇನು? ಮನ್ಯಾಗ ಯಾರಿಗಾದ್ರೂ ಐತೇನು?’

ದವಾಖಾನೆಗೆ ಚೀಟಿ ಬರೆಯುವಾಗ ‘ದಮ ಲಾಗತೋ’ ಎಂದಷ್ಟೇ ಮರಾಠಿಯಲ್ಲಿ ಬರೆದರೆ ವೈದ್ಯರು ಅದನ್ನು ದಣಿವೆಂದು ಓದಬಹುದು. ‘ಓಟ ನಿಂತು ಹತ್ತು ನಿಮಿಷದ ಬಳಿಕ ಕೆಮ್ಮು, ಉಸಿರು ಬಿಡುವಾಗ ಸಿಳ್ಳಿನ ಸದ್ದು, ನಿಮಿಷಕ್ಕೆ 34 ಉಸಿರು’ ಎಂಬ ರೀತಿಯ ವರ್ಣನೆ ಯಾವ ಭಾಷೆಯಲ್ಲಿದ್ದರೂ ತಪ್ಪು ಅರ್ಥಕ್ಕೆ ಎಡೆಕೊಡದು.

ಎರಡೂ ಅಲ್ಲದ ಕಾರಣಗಳು

ದಣಿವೂ ಅಲ್ಲದ, ಉಬ್ಬಸವೂ ಅಲ್ಲದ ಉಸಿರುಗಟ್ಟುವಿಕೆಗೆ ಬೇರೆ ಕಾರಣಗಳಿರುತ್ತವೆ. ಶೇಂಗಾ ತಿನ್ನುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ ಉಸಿರಿಗೆ ಹೆಣಗಿದರೆ ಕಾಳು ಶ್ವಾಸನಾಳದಲ್ಲಿ ಸಿಕ್ಕಿರಬಹುದು. ಜೇನುಹುಳು ಕಚ್ಚಿದ ಅಥವಾ ಏನನ್ನೋ ತಿಂದ ಬಳಿಕ ಮೈಮೇಲೆ ದದ್ದು, ತುಟಿ-ಮುಖಗಳ ಬಾವು ಉಸಿರಾಟದ ತೊಂದರೆಯೊಡನೆ ಕಾಣಿಸಿದರೆ ಅದು ತೀವ್ರ ಅಲರ್ಜಿ. ಇವೆರಡೂ ತುರ್ತು ಪ್ರಸಂಗಗಳು.

ಪರೀಕ್ಷೆಯ ಅಂಜಿಕೆಯಿಂದಲೂ ಮಕ್ಕಳು ವೇಗವಾಗಿ ಉಸಿರಾಡುತ್ತಾರೆ. ಆಗ ಬೆರಳ ತುದಿಗಳೂ ತುಟಿಗಳೂ ಜುಮುಗುಡುತ್ತವೆ, ಸಿಳ್ಳಿನ ಸದ್ದು ಇರುವುದಿಲ್ಲ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯವನ್ನು ಶಾಲೆಯಲ್ಲಿ ಅನುಸರಿಸಬಾರದು. ಅದು ಉಬ್ಬಸವಾಗಿದ್ದಲ್ಲಿ ಚೀಲ ಅಪಾಯವನ್ನು ಹೆಚ್ಚಿಸುತ್ತದೆ. ಸಣ್ಣ ಶ್ರಮಕ್ಕೂ ತಿಂಗಳುಗಟ್ಟಲೆ ಏದುಸಿರು ಬಿಡುವ, ಮುಖ ಬಿಳಿಚಿದ ಮಕ್ಕಳಲ್ಲಿ, ವಿಶೇಷವಾಗಿ ಹದಿಹರೆಯದ ಹುಡುಗಿಯರಲ್ಲಿ, ರಕ್ತಹೀನತೆ ಇರಬಹುದು. ಕೆಲವೊಮ್ಮೆ ಹೃದಯದ ಕವಾಟದ ದೋಷವೂ ಹೀಗೆಯೇ ಕಾಣಿಸುತ್ತದೆ.

ಇವುಗಳನ್ನು ಬೇರ್ಪಡಿಸುವುದು ವೈದ್ಯರ ಕೆಲಸ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗಳಿಗೆ ಬರುವ ವೈದ್ಯಕೀಯ ತಂಡ ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಶ್ವಾಸನಾಳಗಳ ಕೆರಳಿಕೆ, ತೀವ್ರ ರಕ್ತಹೀನತೆ, ಸಂಧಿವಾತಜನ್ಯ ಹೃದಯರೋಗ ಮೂರೂ ಸೇರಿವೆ. ಶಂಕೆಯಿರುವ ಮಕ್ಕಳ ಹೆಸರುಗಳನ್ನು ಬರೆದಿಟ್ಟು ಆ ತಂಡದ ಮುಂದಿಡುವುದು ಶಿಕ್ಷಕರಿಂದ ಸಾಧ್ಯ.

ಅಪಾಯದ ಗುರುತುಗಳು

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಬೇಕು:

- ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದೆ ಬಿಡಿ ಶಬ್ದಗಳಲ್ಲಿ ಮಾತನಾಡುವುದು;
- ಮೊಣಕಾಲುಗಳ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕುಳಿತು, ಭುಜಗಳನ್ನು ಏರಿಸಿ ಉಸಿರೆಳೆಯುವುದು;
- ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಹಾಗೂ ಗಂಟಲ ಕೆಳಗಿನ ಚರ್ಮ ಒಳಸೆಳೆಯುವುದು, ಮೂಗಿನ ಹೊಳ್ಳೆಗಳು ಅರಳುವುದು;
- ನಾಲಗೆ, ತುಟಿಯ ಒಳಭಾಗ, ಉಗುರುಗಳು ನೀಲಿಯಾಗುವುದು (ಮೈಬಣ್ಣ ಕಪ್ಪಾಗಿದ್ದಲ್ಲಿ ಮುಖದ ಮೇಲೆ ನೀಲಿ ಕಾಣಿಸದು; ಬಾಯಿ ತೆರೆಸಿ ನೋಡಬೇಕು);
- ಮಂಕು, ತೂಕಡಿಕೆ, ಗಲಿಬಿಲಿ;
- ಔಷಧ ಕೊಟ್ಟರೂ ಇಳಿಯದಿರುವುದು.

ಇವುಗಳಲ್ಲಿ ಸುಲಭವಾಗಿ ಮೋಸಗೊಳಿಸುವುದು ಮೌನ. ಜೋರಾಗಿ ಕೇಳಿಸುತ್ತಿದ್ದ ಸಿಳ್ಳಿನ ಸದ್ದು ಒಮ್ಮೆಲೇ ನಿಂತು, ಮಗು ಸುಮ್ಮನಾಗಿ ಕಣ್ಣುಮುಚ್ಚಿ ಒರಗಿದರೆ ನೋಡುವವರಿಗೆ ‘ಈಗ ಆರಾಮಾಯಿತು’ ಎನಿಸುತ್ತದೆ. ಸದ್ದು ಹುಟ್ಟಲು ಗಾಳಿ ಹರಿಯಬೇಕು; ಗಾಳಿಯೇ ಹರಿಯದಾದಾಗ ಸದ್ದೂ ಇಲ್ಲವಾಗುತ್ತದೆ. ನಿಜವಾಗಿ ಸುಧಾರಿಸಿದ ಮಗು ಮಾತನಾಡುತ್ತದೆ, ನೀರು ಕೇಳುತ್ತದೆ, ಸುತ್ತ ನೋಡುತ್ತದೆ. ಸುಧಾರಣೆಯ ಅಳತೆ ಮಾತೇ ಹೊರತು ಮೌನವಲ್ಲ.

ಮಾಡಬೇಕಾದದ್ದು, ಮಾಡಬಾರದ್ದು

ಮಗುವನ್ನು ಧೂಳು-ಹೊಗೆಯಿಂದ ದೂರ ಕರೆದೊಯ್ದು ನೆಟ್ಟಗೆ, ತುಸು ಮುಂದಕ್ಕೆ ಬಾಗುವಂತೆ ಕೂರಿಸಬೇಕು. ಎಂದೂ ಮಲಗಿಸಬಾರದು. ಕೊರಳಿನ ಗುಂಡಿ, ಬೆಲ್ಟು ಸಡಿಲಿಸಬೇಕು. ಸುತ್ತ ನೆರೆದ ಮಕ್ಕಳನ್ನು ಕಳುಹಿಸಿ, ಒಬ್ಬ ಶಿಕ್ಷಕರು ಶಾಂತವಾಗಿ ಪಕ್ಕದಲ್ಲೇ ಇರಬೇಕು.

ಮಗುವಿನ ಬಳಿ ವೈದ್ಯರು ಬರೆದುಕೊಟ್ಟ ಶೀಘ್ರ ಶಮನದ ಇನ್ಹೇಲರ್ ಇದ್ದರೆ ಅವರ ಲಿಖಿತ ಸೂಚನೆಯಂತೆ ಕೊಡಬೇಕು. ಇದು ಸಾಮಾನ್ಯವಾಗಿ ನೀಲಿ ಬಣ್ಣದ, ಸಾಲ್ಬುಟಮಾಲ್ ಉಳ್ಳ ಇನ್ಹೇಲರ್. ಬಣ್ಣವನ್ನಷ್ಟೇ ನೋಡದೆ ಔಷಧದ ಹೆಸರನ್ನು ಓದಿಕೊಳ್ಳಬೇಕು. ಹಲವು ದೇಶಗಳ ಶಾಲೆಗಳಲ್ಲಿ ಕಲಿಸುವ ಕ್ರಮ ನೆನಪಿಡಲು ಸುಲಭ: ಇನ್ಹೇಲರನ್ನು ಚೆನ್ನಾಗಿ ಅಲುಗಿಸಿ, ಸ್ಪೇಸರ್ ಮೂಲಕ ಒಂದು ಸಲ ಒತ್ತಿ, ನಾಲ್ಕು ಉಸಿರು ತೆಗೆದುಕೊಳ್ಳಲು ಬಿಡುವುದು, ಹೀಗೆ ನಾಲ್ಕು ಸಲ, ನಾಲ್ಕು ನಿಮಿಷ ಕಾಯುವುದು, ಸುಧಾರಿಸದಿದ್ದರೆ ಇನ್ನೊಮ್ಮೆ ನಾಲ್ಕು ಸಲ. ಆಗಲೂ ಇಳಿಯದಿದ್ದರೆ 108. ಇನ್ಹೇಲರ್ ಇಲ್ಲದಿದ್ದಲ್ಲಿ ಕರೆಯೇ ಮೊದಲ ಕೆಲಸ. ಸ್ಪೇಸರ್ ದುಬಾರಿಯೆಂದು ಪಾಲಕರು ಕೊಳ್ಳದಿದ್ದರೆ ವೈದ್ಯರನ್ನು ಕೇಳಿ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯಿಂದ ಅದನ್ನು ಸಿದ್ಧಪಡಿಸಿಕೊಳ್ಳಬಹುದು. ಇಂಥ ಬಾಟಲಿಯೂ ಅಂಗಡಿಯ ಸ್ಪೇಸರಿನಷ್ಟೇ ಫಲ ಕೊಡುತ್ತದೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಉಬ್ಬಸದ ಮಗುವನ್ನು ಒಂಟಿಯಾಗಿಯೋ ಸಹಪಾಠಿಯೊಬ್ಬನ ಜೊತೆಗೋ ಮನೆಗೆ ಕಳುಹಿಸಬಾರದು. ಮಾತನಾಡಲಾಗದ ಮಗುವಿಗೆ ನೀರು, ಚಹಾ ಕುಡಿಸಬಾರದು. ಬಿಸಿನೀರಿನ ಹಬೆ, ಕರ್ಪೂರ, ಧೂಪಗಳು ಬೇಡ. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಚೆನ್ನಾಗಿದೆಯೆಂದು ಮೇಲಿನ ಗುರುತುಗಳನ್ನು ಕಡೆಗಣಿಸಬಾರದು. ಆ ಅಂಕಿ ಇಳಿಯುವುದು ಹಲವೊಮ್ಮೆ ತಡವಾಗಿ. ಇಚಲಕರಂಜಿಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಕೊಲ್ಹಾಪುರದ ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆ, ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಇವುಗಳಲ್ಲಿ ತಮ್ಮ ಶಾಲೆಗೆ ಹತ್ತಿರದ್ದು ಯಾವುದು, ದಾರಿ ಎಷ್ಟು ಹೊತ್ತಿನದು ಎಂಬುದು ಕಾರ್ಯಾಲಯದ ಗೋಡೆಯ ಮೇಲೆ ಬರೆದಿರಬೇಕು.

ಊರಿನ ಗಾಳಿ, ಋತುವಿನ ಪಾಡು

ಉಬ್ಬಸ ಕೆರಳುವ ಕಾರಣಗಳು ಊರಿಂದೂರಿಗೆ ಬೇರೆಯಾಗುತ್ತವೆ. ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಇಂದು ಅಲ್ಲಿನ ಎಷ್ಟೋ ಓಣಿಗಳಲ್ಲಿ ಮಗ್ಗದ ಶೆಡ್ಡೂ ಮನೆಯೂ ಒಂದೇ ಗೋಡೆಯನ್ನು ಹಂಚಿಕೊಂಡಿವೆ. ನೂಲಿನ ಎಳೆಗಳಿಂದ ಏಳುವ ಹತ್ತಿಯ ಧೂಳು ಬಟ್ಟೆ, ಹಾಸಿಗೆಗಳ ಮೇಲೆ ಕೂರುತ್ತದೆ. ‘ಅಜ್ಜಿಯ ಊರಿಗೆ ಹೋದಾಗ ಕೆಮ್ಮು ಇರೂದಿಲ್ಲ’ ಎಂದು ಮಗು ಹೇಳಿದರೆ ಆ ಮಾತು ವೈದ್ಯರಿಗೆ ಬಹಳ ಬೆಲೆಯುಳ್ಳದ್ದು. ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯ ಊರುಗಳಲ್ಲಿ ಕಬ್ಬು ಕಡಿಯುವ ಹಂಗಾಮು ಬಂದಾಗ ಹೊಲದಲ್ಲಿ ರವದಿ ಸುಡುವ ಹೊಗೆ, ಬೆಲ್ಲದ ಗಾಣಗಳ ಒಲೆಯ ಹೊಗೆ ಚಳಿಯ ಬೆಳಗಿನಲ್ಲಿ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಅಂಥ ದಿನ ಬೆಳಗಿನ ಕವಾಯತನ್ನು ಮಧ್ಯಾಹ್ನಕ್ಕೆ ಸರಿಸುವುದು ಒಳಿತು.

ಜೂನಿನಲ್ಲಿ ಶಾಲೆ ತೆರೆಯುವುದೂ ಮೃಗಶಿರಾ ಮಳೆ ಹಿಡಿಯುವುದೂ ಏಕಕಾಲಕ್ಕೆ. ಒಬ್ಬರಿಂದೊಬ್ಬರಿಗೆ ಹಬ್ಬುವ ನೆಗಡಿಯೇ ಮಕ್ಕಳಲ್ಲಿ ಉಬ್ಬಸಕ್ಕೆ ಅತಿ ಸಾಮಾನ್ಯ ಕಾರಣ. 2019 ಮತ್ತು 2021ರಂತೆ ಪಂಚಗಂಗೆ ಉಕ್ಕಿದ ವರ್ಷಗಳಲ್ಲಿ ನೀರಿಳಿದ ಮೇಲೂ ಗೋಡೆಗಳ ತೇವ ಆರದೆ ಬೂಷ್ಟು ಬೆಳೆಯುತ್ತದೆ. ತರಗತಿಯನ್ನು ಪುನಃ ತೆರೆಯುವ ಮುನ್ನ ಅದನ್ನು ಮಕ್ಕಳ ಕೈಯಿಂದಲ್ಲದೆ ಬೇರೆಯವರಿಂದ ತೊಳೆಸಬೇಕು. ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಡಸ್ಟರನ್ನು ಹೊರಗೆ ಝಾಡಿಸುವುದು, ಕಸ ಗುಡಿಸುವ ಮುನ್ನ ನೀರು ಚಿಮುಕಿಸುವುದು ಖರ್ಚಿಲ್ಲದ ಉಪಾಯಗಳು.

ಆಟ ಮತ್ತು ಪಾಲಕರು

ಅಸ್ತಮಾ ಇರುವ ಮಗುವೂ ಆಡಬೇಕು. ಹತಕ್ಕೆ ಬಂದ ಅಸ್ತಮಾದೊಡನೆ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಪರ್ಧಿಸುವವರಿದ್ದಾರೆ. ಓಟಕ್ಕೆ ಮೊದಲು ಹತ್ತು ನಿಮಿಷ ಹಗುರವಾದ ಚಲನೆ, ಚಳಿಯಲ್ಲಿ ಮೂಗು-ಬಾಯಿಗಳಿಗೆ ಬಟ್ಟೆ, ವೈದ್ಯರು ಹೇಳಿದ್ದರೆ ಆಟಕ್ಕೆ ಮುನ್ನ ಇನ್ಹೇಲರ್, ಬೇಕೆನಿಸಿದಾಗ ನಿಲ್ಲಲು ಅನುಮತಿ, ಇಷ್ಟಿದ್ದರೆ ಸಾಕು.

ಪಾಲಕರಲ್ಲಿ ಎರಡು ಭಯಗಳು ಕಾಣುತ್ತವೆ: ಇನ್ಹೇಲರ್ ಚಟವಾಗುತ್ತದೆಂಬುದು ಒಂದು, ಹುಡುಗಿಗೆ ದಮ್ಮೆಂದು ತಿಳಿದರೆ ಮುಂದೆ ಲಗ್ನಕ್ಕೆ ಅಡ್ಡಿಯಾಗುತ್ತದೆಂಬುದು ಮತ್ತೊಂದು. ಇನ್ಹೇಲರ್ ಚಟವಾಗುವುದಿಲ್ಲ. ಅದರ ಔಷಧ ನೇರವಾಗಿ ಶ್ವಾಸನಾಳಕ್ಕೆ ತಲಪುವುದರಿಂದ ಗುಳಿಗೆಗಿಂತ ಕಡಿಮೆ ಪ್ರಮಾಣ ಸಾಕಾಗುತ್ತದೆ. ಎರಡನೆಯ ಭಯಕ್ಕೆ ಶಿಕ್ಷಕರು ಕೊಡಬಹುದಾದ ಉತ್ತರ ಗೋಪ್ಯತೆ. ಮಗುವಿನ ಹೆಸರು, ಔಷಧ, ಪಾಲಕರ ದೂರವಾಣಿ, ವೈದ್ಯರ ಸೂಚನೆಗಳಿರುವ ಚೀಟಿ ಮುಖ್ಯಾಧ್ಯಾಪಕರ ಬಳಿಯೂ ವರ್ಗಶಿಕ್ಷಕರ ಬಳಿಯೂ ಇರಬೇಕು, ಸೂಚನಾ ಫಲಕದ ಮೇಲಲ್ಲ. ಆ ಚೀಟಿ ಕನ್ನಡ-ಮರಾಠಿ ಎರಡರಲ್ಲೂ ಇದ್ದರೆ ಅದಕ್ಕೆ ರುಜು ಹಾಕುವ ತಾಯಿಗೂ, ಅದನ್ನು ಓದುವ ವೈದ್ಯರಿಗೂ ಒಂದೇ ಅರ್ಥ ತಲಪುತ್ತದೆ.

ತರಗತಿಗೆ ಉಪಕ್ರಮ

ವಿಜ್ಞಾನ ಮತ್ತು ಗಣಿತ: ಮಕ್ಕಳನ್ನು ಜೋಡಿಗಳಾಗಿ ವಿಂಗಡಿಸಿ, ಕುಳಿತಾಗಿನ ಉಸಿರನ್ನು ಒಂದು ನಿಮಿಷ ಎಣಿಸಲು ಹೇಳುವುದು. ಮೈದಾನದ ಒಂದು ಸುತ್ತು ಓಡಿದ ಬಳಿಕ ತಕ್ಷಣ, 2, 5 ಮತ್ತು 10 ನಿಮಿಷಗಳಿಗೆ ಮತ್ತೆ ಎಣಿಸಿ ಆಲೇಖ ಬರೆಯಿಸುವುದು. ಅಸ್ತಮಾ ಇದೆಯೆಂದು ತಿಳಿದ ಮಗುವನ್ನು ಒತ್ತಾಯದಿಂದ ಓಡಿಸದೆ ಸಮಯಪಾಲಕನ ಕೆಲಸವನ್ನು ಅದರ ಇಚ್ಛೆಗೆ ಬಿಡುವುದು. ಹೆಚ್ಚಿನ ಗೆರೆಗಳು ಇಳಿಜಾರಾಗುತ್ತವೆ. ಇಳಿಯದ ಅಥವಾ ಏರುವ ಗೆರೆ ಕಂಡರೆ ಅದನ್ನು ತರಗತಿಯ ಮುಂದೆ ಚರ್ಚಿಸದೆ, ಮಗುವನ್ನು ಮೊದಲು ಪಕ್ಕಕ್ಕೆ ಕೂರಿಸಿ ಗಮನಿಸುವುದು. ಬಳಿಕ ಆ ಆಲೇಖವನ್ನು ಪಾಲಕರ ಕೈಗೆ ಕೊಟ್ಟು ವೈದ್ಯರಿಗೆ ತೋರಿಸಲು ಹೇಳುವುದು.

ಭಾಷೆ: ಏದುಸಿರು, ನಿಟ್ಟುಸಿರು, ಬಿಸಿಯುಸಿರು, ತೇಕು, ಉಬ್ಬಸ, ದಮ್ಮು ಮೊದಲಾಗಿ ಉಸಿರಿಗೆ ಸಂಬಂಧಿಸಿದ ಶಬ್ದಗಳನ್ನು ಮನೆಯ ಹಿರಿಯರಿಂದ ಸಂಗ್ರಹಿಸಿ, ಪ್ರತಿಯೊಂದನ್ನೂ ಒಂದು ವಾಕ್ಯದಲ್ಲಿ ಬಳಸಲು ಹೇಳುವುದು. ತನ್ನ ಉಸಿರಿಗೆ ಏನಾಗುತ್ತಿದೆಯೆಂದು ಸರಿಯಾದ ಶಬ್ದದಲ್ಲಿ ಹೇಳಬಲ್ಲ ಮಗುವಿಗೆ ಸಹಾಯ ಬೇಗ ದೊರೆಯುತ್ತದೆ.